ಮಾಲೀಕರು ಕೇಳದ ಪ್ರಶ್ನೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು, ಮಾಲೀಕರ ಪ್ರಶ್ನೆಪತ್ರಿಕೆಯಲ್ಲಿ ಕಡ್ಡಾಯ ಪ್ರಶ್ನೆಗಳು ಎರಡೇ. ‘ನಾನ್‌ವೆಜ್ ಮಾಡ್ತೀರಾ?’ ಮತ್ತು ‘ಫ್ಯಾಮಿಲಿನಾ, ಬ್ಯಾಚುಲರ್ಸಾ?’ ಇವೆರಡರಲ್ಲಿ ಪಾಸಾದವನು ಸಜ್ಜನ. ಕಳ್ಳ ಸಸ್ಯಾಹಾರಿಯಾಗಿರಬಾರದು, ಅವನಿಗೆ ಹೆಂಡತಿ ಮಕ್ಕಳಿರಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ನಮ್ಮ ಮೇಲಿನ ಫ್ಲ್ಯಾಟಿನ ಮಾಲೀಕರಂತೂ ಅಮೆರಿಕದಲ್ಲಿದ್ದಾರೆ. ಬಾಡಿಗೆದಾರರ ಮುಖವನ್ನೇ ನೋಡಿಲ್ಲ. ತಿಂಗಳಿಗೆ ಸರಿಯಾಗಿ ಖಾತೆಗೆ ಬೀಳುವ ಬಾಡಿಗೆಯೇ ಅವರ ಪಾಲಿಗೆ ಗುಣನಡತೆಯ ಸರ್ಟಿಫಿಕೇಟು.

ಚಾಮರಾಜಪೇಟೆಯ ವಠಾರದಲ್ಲಿ ನಾವಿದ್ದಾಗ ಮಾಲೀಕರ ತಾಯಿ ಮುಂಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದರು. ‘ಯಾರಪ್ಪಾ ನೀನು? ಯಾರ ಮನೆಗೆ? ಅವರಿಗೆ ಏನಾಗಬೇಕು?’ ನಮ್ಮ ಚಿಕ್ಕಪ್ಪನನ್ನು ಗೋತ್ರದವರೆಗೂ ವಿಚಾರಿಸಿಯೇ ಒಳಗೆ ಬಿಟ್ಟದ್ದು. ಬೀಟಿನ ಪೊಲೀಸಪ್ಪ ಸೈಕಲ್ಲನ್ನು ಗೋಡೆಗೊರಗಿಸಿ, ಲೋಟ ಎತ್ತಿ ಕಾಫಿ ಕುಡಿಯುತ್ತ, ‘ಏನಜ್ಜಿ ಸಮಾಚಾರ?’ ಎಂದರೆ ಸಾಕು. ಹೊಸದಾಗಿ ಬಂದವರ ಊರು, ಕೆಲಸ, ರಾತ್ರಿ ಮನೆ ಸೇರುವ ಹೊತ್ತು ಎಲ್ಲವೂ ಕಾಫಿ ಆರುವ ಮೊದಲೇ ವರದಿಯಾಗುತ್ತಿತ್ತು. ಗುಟ್ಟೆಂಬುದು ಯಾರಿಗೂ ಉಳಿದಿರಲಿಲ್ಲ, ನಿಜ. ಆದರೆ ಪಾತ್ರೆ ಪಡಗ ಉಳಿದಿದ್ದವು.

ಈಗ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆ್ಯಪ್ ಇದೆ, ಓಟಿಪಿ ಇದೆ, ಎಲ್ಲ ಮೂಲೆಗೂ ಕ್ಯಾಮೆರಾ ಇದೆ. ಮಾನಿಟರಿನ ಮೇಲೆ ಸೆಕ್ಯುರಿಟಿಯವನ ಟಿಫಿನ್ ಡಬ್ಬಿ ಇದೆ. ದಾರ ಕಟ್ಟಿದ ಪೆನ್ನಿನ ಪಕ್ಕ ಒಂದು ರಿಜಿಸ್ಟರು. ಅದರಲ್ಲಿ ಒಂಬತ್ತೇ ಅಂಕಿಯ ಫೋನ್ ನಂಬರುಗಳು, ಯಾರಿಗೂ ಓದಲಾಗದ ಹೆಸರುಗಳು, ‘ಉದ್ದೇಶ’ ಎಂಬಲ್ಲಿ ಎಲ್ಲರದೂ ‘ಪರ್ಸನಲ್’. ಹತ್ತು ವರ್ಷದಿಂದ ಬರುವ ಮನೆಗೆಲಸದಾಕೆಯ ಚೀಲ ದಿನವೂ ತಪಾಸಣೆಯಾಗುತ್ತದೆ. ಹೆಲ್ಮೆಟ್ ತೆಗೆಯದೆ ಪೊಟ್ಟಣ ಹಿಡಿದು ಬಂದವನಿಗೆ ಲಿಫ್ಟು ತಾನಾಗಿ ತೆರೆದುಕೊಳ್ಳುತ್ತದೆ.

ಮೇಲಿನ ಫ್ಲ್ಯಾಟಿನ ಮಾಲೀಕರು ಇರುವ ದೇಶದಲ್ಲಿ ಬಾಡಿಗೆಗೆ ಬರುವವರನ್ನು ಅರಿಯುವುದಕ್ಕೊಂದು ಪಾಠಶಾಲೆಯೇ ಇದೆ. ಅರಿಜೋನಾದ ಮೇಸಾ ಎಂಬ ಊರಿನ ಪೊಲೀಸರು 1992ರಲ್ಲಿ ಅಪಾರ್ಟ್‌ಮೆಂಟ್ ಮಾಲೀಕರನ್ನೂ ಮ್ಯಾನೇಜರುಗಳನ್ನೂ ಕೂಡಿಸಿ ತರಗತಿ ನಡೆಸಿದರು: ಬಾಡಿಗೆದಾರರ ಪೂರ್ವಾಪರ ನೋಡಿ, ಕತ್ತಲ ಮೂಲೆಗೆ ದೀಪ ಹಾಕಿ, ನಿವಾಸಿಗಳನ್ನು ಒಟ್ಟಿಗೆ ಸೇರಿಸಿ ಎಂದು. ಬೇರೆ ಊರುಗಳೂ ಅನುಸರಿಸಿದವು. ಆಮೇಲೆ ಕೆಲವೆಡೆ ಅದೇ ನೆಪದಲ್ಲಿ, ಅಪರಾಧ ಸಾಬೀತಾಗದಿದ್ದರೂ, ಬಡವರನ್ನೂ ಕಪ್ಪುವರ್ಣೀಯರನ್ನೂ ಮನೆ ಬಿಡಿಸುತ್ತಿದ್ದಾರೆಂಬ ದೂರು ಎದ್ದು, ಕ್ಯಾಲಿಫೋರ್ನಿಯಾ 2024ರಿಂದ ಕಾನೂನಿನ ಕಡಿವಾಣ ಹಾಕಿತು. ಪರಿಚಯ ಮಾಡಿಕೊಳ್ಳಲು ಹೊರಟು ಅನುಮಾನ ಕಲಿತರೆ ಹೀಗೇ ಆಗುತ್ತದೆ. ನಮ್ಮ ವಠಾರದ ಅಜ್ಜಿ ಗೋತ್ರ ಕೇಳಿದರೂ ಯಾರನ್ನೂ ಹೊರಹಾಕಿದವರಲ್ಲ.

ನಮ್ಮ ಕರ್ನಾಟಕದಲ್ಲೂ 2025ರಲ್ಲಿ, ಬೀಟ್ ಪೊಲೀಸರೇ ಮನೆಗೆ ಬಂದು ಪರಿಚಯ ಮಾಡಿಕೊಳ್ಳುವ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ನಮ್ಮಲ್ಲಿಗೂ ಬೀಟ್ ಪೊಲೀಸರು ಬಂದರು. ಸೆಕ್ಯುರಿಟಿಯವನು ಮೊಬೈಲ್ ಹಿಡಿದು, ‘ಯಾವ ಫ್ಲ್ಯಾಟು ಸಾರ್?’ ಎಂದ. ‘ಎಲ್ಲಾ ಫ್ಲ್ಯಾಟೂ’ ಎಂದರು. ಆ್ಯಪಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೇಗೋ ಒಳಗೆ ಬಂದು ನಮ್ಮ ಕೆಳಗಿನ ಮಹಡಿಯ ಯಜಮಾನರನ್ನು ಕೇಳಿದರು, ‘ಎದುರು ಮನೇಲಿ ಯಾರಿದಾರೆ ಸಾರ್?’ ಯಜಮಾನರು ತುಂಬ ಹೊತ್ತು ಯೋಚಿಸಿ, ‘ನಾಯಿ ಹೆಸರು ಬ್ರೂನೋ’ ಎಂದರು.

ಮನೆ ಬಾಡಿಗೆಗೆ ಕೊಡುವವರಲ್ಲಿ ನನ್ನದೊಂದು ಕೋರಿಕೆ. ಊಟದ ವಿಚಾರ ಬಿಡಿ, ಊರಿನ ವಿಚಾರ ಕೇಳಿ. ಕರಾರುಪತ್ರದ ಜೊತೆಗೆ ಗುರುತಿನ ದಾಖಲೆಯ ಒಂದು ಪ್ರತಿ ಠಾಣೆಗೂ ಮುಟ್ಟಲಿ. ವರ್ಷಕ್ಕೊಮ್ಮೆಯಾದರೂ ಬಂದು ಬಾಡಿಗೆದಾರರ ಜೊತೆ ಕಾಫಿ ಕುಡಿಯಿರಿ. ಬಾಡಿಗೆಗೆ ಇರುವವರೂ ಅಷ್ಟೆ, ಬೀಗ ಹಾಕಿ ಊರಿಗೆ ಹೊರಟಾಗ ಬೀಟಿನವರಿಗೂ ಎದುರು ಮನೆಗೂ ಹೇಳಿ ಹೋಗಿ. ತುರ್ತಿಗೆ 112 ಇದ್ದೇ ಇದೆ. ಆದರೆ ಎದುರು ಬಾಗಿಲಲ್ಲಿ ಬೀಗ ತೆಗೆಯುತ್ತಿರುವವನು ಆ ಮನೆಯವನಲ್ಲ ಎಂದು ಗೊತ್ತಿದ್ದವರು ಮಾತ್ರ ಆ ನಂಬರು ಒತ್ತಬಲ್ಲರು.