ದಾದರ್ ಡೈರಿ, ಭಾಗ 4: ಸಮುದ್ರಕ್ಕೆ ಆರು ನಿಮಿಷ

ನಾನು ಸಮುದ್ರದ ಫೋಟೋ ಹಾಕಿದಾಗೆಲ್ಲ ಊರಿನ ಫ್ರೆಂಡ್ಸ್ ಹೇಳೋದು ಒಂದೇ. "ನಿಂಗೆಂತ ಮಾರಾಯ, ಶಿವಾಜಿ ಪಾರ್ಕ್ ಹತ್ರ ಇದ್ದೀಯ!"

ಹೌದು. ಮಾವನ ಮನೆಯಿಂದ ದಾದರ್ ಚೌಪಾಟಿಗೆ ಆರೇ ನಿಮಿಷ. ಆದ್ರೆ ಮನೆ ಅಂದ್ರೆ ಒಂದು ರೂಮು, ಒಂದು ಅಡುಗೆಮನೆ, ಐದು ಜನ. ಅತ್ತೆ ಪಾತ್ರೆ ತೊಳೆದು ಮುಗಿಸಿದ ಮೇಲೇ ಅಡುಗೆಮನೆಯಲ್ಲಿ ನನ್ನ ಹಾಸಿಗೆ ಬಿಚ್ಚೋದು.

ಜಾಗ ಚೆನ್ನಾಗಿದೆ, ಸುಳ್ಳು ಹೇಳಲ್ಲ. 1925ರಲ್ಲಿ ಶುರುವಾದ ಮೈದಾನ, ಸಚಿನ್ ಆಚ್ರೇಕರ್ ಸರ್ ಹತ್ರ ಆಡಿ ಬೆಳೆದದ್ದು ಇಲ್ಲೇ. ಸುತ್ತಲಿನ ಕಟ್ಟೆ ಮೇಲೆ ಎಷ್ಟು ಹೊತ್ತು ಕೂತ್ರೂ ಯಾರೂ ಕಾಸು ಕೇಳಲ್ಲ. ಡಿಸೆಂಬರ್ 6ಕ್ಕೆ ಚೈತ್ಯಭೂಮಿಗೆ ಬಂದ ಲಕ್ಷಾಂತರ ಜನರಲ್ಲಿ ಎಷ್ಟೋ ಮಂದಿ ಪುಸ್ತಕ ಕೊಂಡು ಹೋಗ್ತಾರೆ. ಮಾಟುಂಗದ ಕಡೆ ನಡೆದ್ರೆ ಉಡುಪಿ ಊಟ, ಕನ್ನಡ ಮಾತು.

ನಮ್ಮ ಮನೆ ಬಾಡಿಗೆ ತಿಂಗಳಿಗೆ 210 ರೂಪಾಯಿ. ನಗಬೇಡಿ, ಇದು ಪಗಡಿ ಮನೆ. ಮೊದಲೇ ದೊಡ್ಡ ಮೊತ್ತ ಕೊಟ್ಟು ಒಳಗೆ ಬರೋದು, ಆಮೇಲೆ ಸಣ್ಣ ಬಾಡಿಗೆ. ಬಿಟ್ಟುಕೊಡುವಾಗ ಬಂದ ಹಣದಲ್ಲಿ ಮಾಲೀಕನಿಗೂ ಪಾಲು. ಹೋಟೆಲ್ ಕೆಲಸಕ್ಕೆ ಬಂದ ಅಜ್ಜ, ಅಜ್ಜಿಯ ಬಳೆ ಮಾರಿ ಈ ಪಗಡಿ ಕೊಟ್ಟಿದ್ರಂತೆ. ಪಕ್ಕದ ಗಲ್ಲಿಯ ಫ್ಲ್ಯಾಟಿಗೆ ಈಗ ಕೋಟಿಗಟ್ಟಲೆ ರೇಟು. ನಾವು ಮಾಲೀಕರೂ ಅಲ್ಲ, ಬರೀ ಬಾಡಿಗೆಯವರೂ ಅಲ್ಲ. ಬಿಕಾಂ ಓದ್ತಿರೋ ನಂಗೆ ಇದನ್ನ ಬ್ಯಾಲೆನ್ಸ್ ಶೀಟಿನ ಯಾವ ಬದಿಗೆ ಬರೀಬೇಕು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಈಗ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗ್ತಿದೆ. ಮೆಟ್ಟಿಲಿಗೆ ಮರದ ಆಸರೆ ಕೊಟ್ಟು ಎರಡು ಮಳೆಗಾಲ ಆಯ್ತು. ಹೊಸ ಮನೆ ಮಾವನ ಸ್ವಂತ ಹೆಸರಿಗೇ ಬರುತ್ತೆ. ಆದ್ರೆ ಕಟ್ಟಿ ಮುಗಿಯೋ ತನಕ ಬಿಲ್ಡರ್ ಕೊಡೋ ಬಾಡಿಗೆಗೆ ದಾದರ್‌ನಲ್ಲಿ ಮನೆ ಸಿಗಲ್ಲ. ಡೊಂಬಿವಿಲಿಗೇ ಹೋಗಬೇಕು. ಅಲ್ಲಿಂದ ನನ್ನ ಏಳು ಗಂಟೆ ಕಾಲೇಜು ದೂರ.

ಎಲ್ಲರೂ ಸಹಿ ಹಾಕಿದ್ದಾರೆ, ಮಾವ ಒಬ್ಬರೇ ಬಾಕಿ. ಯಾಕೆ ಅಂತ ಮೊನ್ನೆ ರಾತ್ರಿ ಗೊತ್ತಾಯ್ತು. ನಾನು ಮಲಗಿದ್ದೇನೆ ಅಂದ್ಕೊಂಡು ಅತ್ತೆ ಹತ್ರ ಹೇಳ್ತಿದ್ರು: "ಹುಡುಗನ ಫೈನಲ್ ಇಯರ್ ಮುಗೀಲಿ."

ನನ್ನ ಒಂದು ಡಿಗ್ರಿಗೆ ಐದು ಜನ ಆ ಮೆಟ್ಟಿಲು ಹತ್ತಿಳೀಬೇಕಾ?

ಬೆಳಿಗ್ಗೆ ಹೇಳ್ದೆ, "ಮಾವ, ಸಹಿ ಹಾಕಿ. ನಾನು ಪಿಜಿ ನೋಡ್ಕೊಳ್ತೇನೆ."

ಮಾವ ಪೇಪರಿಂದ ತಲೆ ಎತ್ತಲಿಲ್ಲ. "ಪಿಜಿಗೆ ದುಡ್ಡು ನಿನ್ನ ಅಜ್ಜ ಕೊಡ್ತಾರಾ? ಚಾ ಕುಡಿ ಮೊದ್ಲು."

ಕುಡಿದೆ. ಆಮೇಲೆ ಚೌಪಾಟಿಗೆ ಹೋಗಿ ತೆಗೆದ ಫೋಟೋ ಇದು. ಸಂಜೆ ಮತ್ತೆ ಕೇಳ್ತೇನೆ. ದಾದರ್‌ನಲ್ಲಿ ಕಡಿಮೆ ಬಾಡಿಗೆಗೆ ಒಂದು ಹಾಸಿಗೆ ಜಾಗ ಗೊತ್ತಿದ್ರೆ ಮೆಸೇಜ್ ಮಾಡಿ, ತಮಾಷೆ ಅಲ್ಲ.