ಪಹಣೀಲಿ ಐತೆ, ಹೊಲ್ದಲ್ಲಿ ಇಲ್ಲ

ಯುಗಾದಿಗೆ ಊರಿಗೆ ಹೋಗಿದ್ದೆ. ಒಬ್ಬಟ್ಟು ಬಾಯಿಗಿಡೋ ಹೊತ್ತಿಗೆ ಆಫೀಸಿನ ಫೋನು: ಸರ್ವರ್ ನಿಂತಿದೆ, ರೂಟ್ ಡಿಸ್ಕ್ ಪೂರ್ತಿ ಭರ್ತಿ. ನಮ್ಮನೇಲಿ ನೆಟ್‌ವರ್ಕ್ ಸಿಗೋದು ತಾರಸಿ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಲ್ಯಾಪ್‌ಟಾಪ್ ಹಿಡ್ಕೊಂಡು ಹತ್ತಿದೆ.

ತಪ್ಪು ನಂದೇ. ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಬರೆದವನು ನಾನು. ಬ್ಯಾಕಪ್ ಡಿಸ್ಕ್ ಮೌಂಟ್ ಆಗಿದೆಯಾ ಅಂತ ತಿಳಿಯೋಕೆ, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಹೆಸರು ಇದೆಯಾ ಅಂತ ಗ್ರೆಪ್ ಮಾಡಿ ನೋಡ್ತಿತ್ತು ಅದು. ಲಿನಕ್ಸ್ ಬಳಸದವರಿಗೆ ಹೇಳ್ತೀನಿ: ಯಾವ ಡಿಸ್ಕು ಯಾವ ಫೋಲ್ಡರಿಗೆ ಸೇರಬೇಕು ಅಂತ ಬರೆದಿಡುವ ಫೈಲು ಅದು. ಸಾಲಿಗೆ 6 ಕಲಂ: ಡಿಸ್ಕು, ಜಾಗ, ಫೈಲ್ ಸಿಸ್ಟಮ್ಮಿನ ಬಗೆ, ಆಪ್ಷನ್ನುಗಳು, ಕೊನೆಗೆ ಎರಡು ಅಂಕಿ. (ಐದನೆಯದು ಡಂಪ್ ಅನ್ನೋ ಹಳೇ ಪ್ರೋಗ್ರಾಮಿಗಾಗಿ. ಈಗ ಬಹುತೇಕರು ಸೊನ್ನೆ ಹಾಕಿ ಸುಮ್ಮನಾಗ್ತಾರೆ.)

ಡಿಸ್ಕ್ ಬದಲಾಯಿಸೋಣ ಅಂತ ಆ ಸಾಲಿನ ಮುಂದೆ ನಾನೇ ಒಂದು ಹ್ಯಾಶ್ ಹಾಕಿ, ತೆಗೆಯೋದು ಮರೆತಿದ್ದೆ. ಹ್ಯಾಶ್ ಇರೋ ಸಾಲನ್ನು ಲಿನಕ್ಸ್ ಲೆಕ್ಕಕ್ಕೇ ತಗೊಳ್ಳಲ್ಲ. ಗ್ರೆಪ್‌ಗೆ ಅದೆಲ್ಲ ಗೊತ್ತಿಲ್ಲ, ಹೆಸರು ಕಂಡಿತು, ಸರಿ ಅಂದಿತು. ಡಿಸ್ಕ್ ಇಲ್ಲದ ಖಾಲಿ ಫೋಲ್ಡರಿಗೆ, ಅಂದರೆ ರೂಟ್ ಡಿಸ್ಕಿಗೇ, 11 ರಾತ್ರಿ ಬ್ಯಾಕಪ್ ಸುರಿದಿತ್ತು.

ಅಪ್ಪ ಮೇಲೆ ಬಂದ್ರು. 'ಏನ್ಲಾ ಅದು, ಹಬ್ಬದ ದಿನ?'

ನನಗೆ ತಿಳಿದ ಹಾಗೆ ವಿವರಿಸಿದೆ.

'ಪಹಣೀಲಿ ಐತೆ, ಹೊಲ್ದಲ್ಲಿ ಇಲ್ಲ ಅನ್ನು' ಅಂದ್ರು. ನಗಲಿಲ್ಲ.

ಪಹಣಿಯ 9ನೇ ಕಲಮಿನಲ್ಲಿ ಮಾಲೀಕನ ಹೆಸರು, 12ರಲ್ಲಿ ಸಾಗುವಳಿ ಮಾಡುವವನದು. ಕೆರೆ ಹಿಂದಿನ ತುಂಡು ಹೊಲಕ್ಕೆ 9ರಲ್ಲಿ ಅಪ್ಪನ ಹೆಸರಿದೆ. ವರ್ಷ ವರ್ಷ ಪಹಣಿ ತೆಗೆಸಿ, ಹೆಸರು ನೋಡಿ, ಟ್ರಂಕಿನಲ್ಲಿಟ್ಟು ನೆಮ್ಮದಿಯಾಗಿದ್ದರು. ಉಳೋದು ದೊಡ್ಡಪ್ಪನ ಮಕ್ಕಳು. ಅದನ್ನ ಯಾರೂ ಬಾಯಿಬಿಟ್ಟು ಆಡಲ್ಲ.

ಸ್ಕ್ರಿಪ್ಟ್ ಸರಿಮಾಡೋಕೆ ಹತ್ತು ನಿಮಿಷ ಸಾಕಾಯ್ತು. ಈಗ ಅದು ಮೊದಲು ಮೌಂಟ್‌ಪಾಯಿಂಟ್ ಕಮಾಂಡ್ ಓಡಿಸಿ, ಡಿಸ್ಕ್ ನಿಜಕ್ಕೂ ಸೇರಿದೆಯಾ ಅಂತ ಕೇಳುತ್ತೆ. ಇಲ್ಲ ಅಂದ್ರೆ ಅಲ್ಲೇ ನಿಂತು ಮೇಲ್ ಕಳಿಸುತ್ತೆ. ಎಫ್‌ಎಸ್‌ಟ್ಯಾಬನ್ನ ಓದಲೇಬೇಕಾದಾಗ ಗ್ರೆಪ್ ಬದಲು ಫೈಂಡ್‌ಎಂಎನ್‌ಟಿ. ಅದು ಹ್ಯಾಶ್ ಸಾಲುಗಳನ್ನು ತಾನೇ ಬಿಡುತ್ತೆ, ಫೋಲ್ಡರಿನ ಹೆಸರಿನ ನಡುವೆ ಸ್ಪೇಸ್ ಬದಲು ಬ್ಯಾಕ್‌ಸ್ಲ್ಯಾಶ್ 040 ಅಂತ ಬರೆದಿದ್ದರೆ ಅದನ್ನೂ ಬಿಡಿಸಿಕೊಳ್ಳುತ್ತೆ.

ಮಾರನೇ ದಿನ ಬೆಳಗ್ಗೆ ಅಪ್ಪ ನನ್ನ ಬೈಕಿನ ಹಿಂದೆ ಕೂತು ಕೆರೆ ಹಿಂದಕ್ಕೆ ಬಂದ್ರು. ನಮ್ಮ ಬದು ಎಲ್ಲಿತ್ತು ಅಂತ ಗುರುತೇ ಸಿಗಲಿಲ್ಲ. ಸುಮಾರು ಹೊತ್ತು ನಿಂತಿದ್ದು, ಟವೆಲ್ ಹೆಗಲಿಗೆ ಹಾಕ್ಕೊಂಡು ಕೇಳಿದ್ರು:

'ಸರ್ವೇಗೆ ಅರ್ಜಿ ಹಾಕಾನೇನ್ಲಾ?'