ಅಮ್ಮನ ಕೋಣೆ, ನನ್ನ ಆಟ, ಒಂದೇ ಗೋಡೆ

ನಿಮ್ಮಲ್ಲಿ ಯಾರ್ಯಾರು ಇನ್ನೂ ವಿಡಿಯೋ ಗೇಮ್ ಆಡ್ತೀರಿ? ಮಕ್ಕಳ ಹೆಸರಲ್ಲಿ ತಂದು, ಅವರು ಮಲಗಿದ ಮೇಲೆ ತಾವು ಆಡುವವರೂ ಕೈ ಎತ್ತಬಹುದು :-)

ನನಗೊಂದು ಸಲಹೆ ಬೇಕಾಗಿದೆ. ಅರ್ಧ ಆಟಕ್ಕೆ ಸಂಬಂಧಿಸಿದ್ದು, ಅರ್ಧ ಮನೆ ಅಲಂಕಾರಕ್ಕೆ. ಎರಡೂ ಗೊತ್ತಿರುವವರು ಸಿಗೋದು ಕಷ್ಟ. ಒಳಾಂಗಣ ಮಾಡುವವರ ಹತ್ತಿರ ಹೋಗಿ 'ಗೇಮಿಂಗ್ ರೂಮ್' ಅಂದರೆ ಕಪ್ಪು ಗೋಡೆ, ನೇರಳೆ ಎಲ್ಇಡಿ ಪಟ್ಟಿ, ರೇಸ್ ಕಾರಿನ ಸೀಟಿನಂಥ ಕುರ್ಚಿ ತೋರಿಸ್ತಾರೆ. 'ವಯಸ್ಸಾದವರ ರೂಮ್' ಅಂದರೆ ಬಿಳಿ ಗೋಡೆ, ಒಂದು ಮಂಚ, ಹಿಡ್ಕೊಳ್ಳೋಕೆ ಸ್ಟೀಲಿನ ಸರಳು.. ಥೇಟ್ ನರ್ಸಿಂಗ್ ಹೋಮು. ನನಗೆ ಬೇಕಿರೋದು ಒಂದೇ ಕೋಣೆ, ಅದು ಎರಡೂ ಆಗಿರಬೇಕು, ನೋಡಿದರೆ ಎರಡರ ಹಾಗೂ ಕಾಣಬಾರದು.

ವಿಷಯ ಇಷ್ಟು. ಅಮ್ಮ ನಮ್ಮ ಜೊತೆ ಇರೋಕೆ ಬರ್ತಿದಾಳೆ. ಅಪ್ಪ ಹೋದ ಮೇಲೆ ಎರಡು ವರ್ಷ ತೀರ್ಥಹಳ್ಳಿ ಕಡೆಯ ಆ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದಳು. ಈ ನಡುವೆ ಮೂರು ಸಲ ಬೆಂಗಳೂರಿಗೆ ಬಂದಿದ್ದಳು. ಮೂರು ಸಲವೂ ಹದಿನೈದು ದಿನ ಆಗೋದರೊಳಗೆ 'ದನ ನೋಡ್ಕೊಳ್ಳೋರಿಲ್ಲ', 'ಅಡಿಕೆ ಸುಲಿಯೋರು ಬರ್ತಾರೆ' ಅಂತ ಹೊರಟು ನಿಂತಳು. ಈಗ ದನವೂ ಇಲ್ಲ, ತೋಟ ಚಿಕ್ಕಪ್ಪ ನೋಡ್ಕೊಳ್ತಾರೆ. ಹಾಗಾಗಿ ಈ ಸಲ ವಾಪಸ್ ಹೋಗೋಕೆ ನೆಪ ಇಲ್ಲ. ಆದರೆ ಒಂದು ಷರತ್ತು ಹಾಕಿದಾಳೆ.

"ನಂಗೆ ಎಂತಕ್ಕೆ ಕೋಣೆ? ಹಾಲಿನಲ್ಲಿ ದಿವಾನ ಇದ್ಯಲ್ಲ, ಸಾಕು. ನಿನ್ನ ಆಟದ ಸಾಮಾನು ಒಂದು ಹೊರಗೆ ಹೋದ್ರೂ ನಾ ಬರೋದಿಲ್ಲ ನೋಡು."

ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು. ಎರಡನೇ ರೂಮು ಹೆಸರಿಗೆ ಗೆಸ್ಟ್ ರೂಮು. ಅಲ್ಲಿರೋದು ನನ್ನ 43 ಇಂಚಿನ ಟೀವಿ, ಎರಡು ಕನ್ಸೋಲು, ಒಂದು ಹಳೇ ಬೀನ್ ಬ್ಯಾಗು, ಮತ್ತೆ ಯಾವುದು ಯಾವುದಕ್ಕೆ ಅಂತ ನನಗೊಬ್ಬಳಿಗೇ ಗೊತ್ತಿರೋ ಒಂದು ರಾಶಿ ವೈರು. ಪ್ರತಿ ಶನಿವಾರ ರಾತ್ರಿ ಒಂಬತ್ತಕ್ಕೆ ಕಾಲೇಜಿನ ನಾಲ್ಕು ಜನ ಮೈನ್‌ಕ್ರಾಫ್ಟಿನಲ್ಲಿ ಸೇರ್ತೀವಿ. ಒಬ್ಬ ದುಬೈನಲ್ಲಿ, ಒಬ್ಬಳು ಹುಬ್ಬಳ್ಳಿಯಲ್ಲಿ, ಒಬ್ಬಳು ಮೈಸೂರಿನಲ್ಲಿ. ಫೋನ್ ಮಾಡಿ ಮಾತಾಡಿ ಅಂದರೆ ಯಾರಿಗೂ ಬಿಡುವಿಲ್ಲ. ಕೈಯಲ್ಲಿ ಕಲ್ಲು ಒಡೀತಾ ಇದ್ದರೆ ಮಾತ್ರ ಗಂಡನ ಕೆಲಸ ಹೋದದ್ದು, ಮಗನ ಮಾರ್ಕ್ಸು, ಅತ್ತೆಯ ಡಯಾಲಿಸಿಸ್ಸು ಎಲ್ಲ ಹೊರಗೆ ಬರತ್ತೆ. ನಾಲ್ಕು ಜನ ಸೇರಿ ಅಲ್ಲೊಂದು ತೊಟ್ಟಿಮನೆ ಕಟ್ಟಿದೀವಿ. ಕಪ್ಪು ಓಕ್ ಮರದ ಕಂಬ, ನಡುವೆ ಅಂಗಳ, ಅಂಗಳಕ್ಕೆ ಬೀಳೋ ಮಳೆ. ಅಪ್ಪ ಹೋದ ವಾರ ನಾನು ಎರಡು ಗಂಟೆ ಆ ಅಂಗಳದಲ್ಲಿ ಸುಮ್ಮನೆ ನಿಂತಿದ್ದೆ. ಮೂವರೂ ಏನೂ ಕೇಳಲಿಲ್ಲ, ಸುತ್ತ ದೀಪ ಇಟ್ಟು ಹೋದರು.

ಹಾಗಾಗಿ 'ಆಟ ಬಿಟ್ಟುಬಿಡು' ಅನ್ನೋ ಸಲಹೆ ದಯವಿಟ್ಟು ಬೇಡ. ಅದನ್ನ ಕೊಡೋಕೆ ನೆಂಟರು ಸಾಕಷ್ಟಿದಾರೆ.

ಕಳೆದ ಶನಿವಾರ ಇವರನ್ನೇ ಕೇಳಿದೆ. ಮೈಸೂರಿನವಳು, "ಅಯ್ಯೋ, ಅಷ್ಟೇ ತಾನೇ? ಟೀವಿ ಎತ್ಕೊಂಡು ಹೋಗಿ ಹಾಲ್‌ನಲ್ಲಿಡು" ಅಂದಳು. ಆದರೆ ಅಮ್ಮನ ಷರತ್ತು ಅಲ್ಲೇ ಮುರಿಯುತ್ತಲ್ಲ. ದುಬೈನವನು ಮಂಗಳೂರಿನವ. "ಎಂತ ಮಾರಾಯ್ತಿ, ನಡುವೆ ಒಂದು ಕರ್ಟನ್ ಹಾಕಿದ್ರೆ ಮುಗೀತಲ್ಲ" ಅಂದ. ಹುಬ್ಬಳ್ಳಿಯವಳು ಮಾತ್ರ ಒಂದು ನಿಮಿಷ ಸುಮ್ಮನಿದ್ದು, "ಆ ಖೋಲಿ ಯಾರದಂತ ಮೊದಲ ಹೇಳು. ನಿನ್ನ ಖೋಲ್ಯಾಗ ಅವ್ವಾರು ಇರ್ತಾರೋ, ಅವ್ವಾರ ಖೋಲ್ಯಾಗ ನೀ ಆಡಾಕ ಹೋಗ್ತಿಯೋ?" ಅಂದಳು.

ಆ ಪ್ರಶ್ನೆ ಅವತ್ತಿಂದ ತಲೆಯಲ್ಲಿ ಕೂತಿದೆ.

ನಾವು ಆಟಗಾರರು ಮನೆ ಜೋಡಿಸೋದರಲ್ಲಿ ಸಾಮಾನ್ಯರಲ್ಲ ಬಿಡಿ. 'ಅನಿಮಲ್ ಕ್ರಾಸಿಂಗ್' ಆಡಿದವರಿಗೆ ಗೊತ್ತು. 2020ರ ಮಾರ್ಚಿನಲ್ಲಿ ಅದರ 'ನ್ಯೂ ಹೊರೈಜನ್ಸ್' ಬಂದಾಗ ಹೊರಗೆ ಲಾಕ್‌ಡೌನು, ಒಳಗೆ ನಾವೆಲ್ಲ ಸೋಫಾ ತಿರುಗಿಸ್ತಾ ಕೂತಿದ್ದೆವು. ಪ್ರತಿ ಭಾನುವಾರ ಒಂದು ಸಂಸ್ಥೆಯಿಂದ ಕಾಗದ ಬರತ್ತೆ, ನಿನ್ನ ಮನೆಗೆ ಇಷ್ಟು ಅಂಕ ಅಂತ. ಅದರಲ್ಲಿ ಫೆಂಗ್ ಶೂಯಿ ಕೂಡ ಉಂಟು: ಪೂರ್ವಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ದಕ್ಷಿಣಕ್ಕೆ ಹಸಿರು ಸಾಮಾನಿಟ್ಟರೆ ಲಾಭ. ನಮ್ಮ ವಾಸ್ತುವಿನವರಿಗಿಂತ ಅಗ್ಗ, ಗೋಡೆ ಒಡೆಸೋದಿಲ್ಲ :-)

'ದಿ ಸಿಮ್ಸ್' ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. ಅದನ್ನ ಮಾಡಿದ ವಿಲ್ ರೈಟ್ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬಿದ್ದ ಬೆಂಕಿಯಲ್ಲಿ ಮನೆ ಕಳ್ಕೊಂಡರು. ಮತ್ತೆ ಬದುಕು ಕಟ್ಟುವಾಗ, ಒಂದೊಂದೇ ಸಾಮಾನು ಕೊಳ್ಳುವಾಗ ಬೆಳೆದ ಯೋಚನೆ ಅದು. ಆಟ ಬಂದದ್ದು 2000ದಲ್ಲಿ. ಮೊದಲು ಅದು ಬರೀ ಮನೆ ಕಟ್ಟೋ ಆಟ. ಕಟ್ಟಿದ ಮನೆ ಹೇಗಿದೆ ಅಂತ ಹೇಳೋಕೆ ಪುಟ್ಟ ಜನರನ್ನ ಒಳಗೆ ಬಿಟ್ಟರು. ಆಮೇಲೆ ಆ ಜನರೇ ಆಟ ಆಗಿಬಿಟ್ಟರು. ಹಸಿವು, ನಿದ್ದೆ, ಸ್ನೇಹದ ಜೊತೆ 'ಕೋಣೆ' ಅನ್ನೋದೂ ಅವರ ಎಂಟು ಅಗತ್ಯಗಳಲ್ಲಿ ಒಂದು. ಕೋಣೆ ಕತ್ತಲಾಗಿದ್ದರೆ, ಬೋಳಾಗಿದ್ದರೆ, ಹೊಟ್ಟೆ ತುಂಬಿದ್ದರೂ ಅವರಿಗೆ ಬೇಜಾರು.

ಆದರೆ ನನಗೆ ಈಗ ಪದೇ ಪದೇ ನೆನಪಾಗ್ತಿರೋದು 'ಅನ್‌ಪ್ಯಾಕಿಂಗ್' ಅನ್ನೋ ಸಣ್ಣ ಆಟ. 2021ರಲ್ಲಿ ಬಂದದ್ದು, ಆಸ್ಟ್ರೇಲಿಯಾದ ಒಂದು ಪುಟ್ಟ ತಂಡದ ಕೆಲಸ. ಡಬ್ಬ ತೆಗೆಯೋದು, ಸಾಮಾನು ಜೋಡಿಸೋದು, ಅಷ್ಟೇ ಆಟ. 1997ರಿಂದ 2018ರವರೆಗೆ ಒಬ್ಬ ಹುಡುಗಿ ಮನೆ ಬದಲಾಯಿಸ್ತಾ ಹೋಗ್ತಾಳೆ. ಅವಳು ಮಾತ್ರ ಎಲ್ಲೂ ಕಾಣೋದಿಲ್ಲ, ಅವಳ ಸಾಮಾನಿನಿಂದಲೇ ಅವಳು ಅರ್ಥ ಆಗ್ತಾ ಹೋಗ್ತಾಳೆ. 2010ರ ಹಂತದಲ್ಲಿ ಗೆಳೆಯನ ಮನೆಗೆ ಬರ್ತಾಳೆ. ಅವನ ಸಾಮಾನೆಲ್ಲ ಇದ್ದಲ್ಲೇ ಇದೆ. ಅವಳ ಪದವಿಯ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದೆ, ಎಲ್ಲಿ ತೂಗುಹಾಕಿದರೂ ಆಟ ಒಪ್ಪೋದಿಲ್ಲ. ಕೊನೆಗೆ ಮಂಚದ ಕೆಳಗೆ ತಳ್ಳಿದರೆ ಮಾತ್ರ ಹಂತ ಮುಗಿಯತ್ತೆ. ಮುಂದಿನ ಹಂತ 2012. ಹುಡುಗಿ ಅಪ್ಪ ಅಮ್ಮನ ಮನೆಗೆ ವಾಪಸ್!

ಅಮ್ಮ ಮೂರು ಸಲ ಯಾಕೆ ತಿರುಗಿ ಹೋದಳು ಅನ್ನೋದಕ್ಕೆ ಇದಕ್ಕಿಂತ ವಿವರಣೆ ಬೇಕಾ? ಅವಳ ಬ್ಯಾಗು ಇಡೋಕೆ ಜಾಗ ಇತ್ತು. ಅವಳ ಸಾಮಾನು ತೆಗೆದು ಹೊರಗಿಡೋಕೆ ಇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೋಣೆ ಪೂರ್ವ ಪಶ್ಚಿಮ 11 ಅಡಿ, ಉತ್ತರ ದಕ್ಷಿಣ 10 ಅಡಿ. ಮೈನ್‌ಕ್ರಾಫ್ಟಿನಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರು, ಅಂದರೆ ಮೂರಕ್ಕೆ ಮೂರು ಬ್ಲಾಕಿನ ಕೋಣೆ. ಅಲ್ಲಿ ಕಟ್ಟಿಯೂ ನೋಡಿದೆ. ಮಂಚಕ್ಕೆ ಎರಡು ಬ್ಲಾಕು, ಪೆಟ್ಟಿಗೆಗೆ ಒಂದು, ಉಳಿದದ್ದು ಆರು. ದುಬೈನವನು ಒಳಗೆ ಬಂದು ನಿಂತಾಗ ನನಗೆ ತಿರುಗೋಕೂ ಆಗಲಿಲ್ಲ.

ಪೂರ್ವಕ್ಕೆ ಕಿಟಕಿ. ಪಶ್ಚಿಮಕ್ಕೆ ಬಾಗಿಲು, ವಾರ್ಡ್‌ರೋಬು. ಮಂಚ ಉತ್ತರದ ಗೋಡೆಗೆ, ತಲೆ ಪೂರ್ವಕ್ಕೆ. ಉತ್ತರಕ್ಕೆ ತಲೆ ಹಾಕಿ ಅಮ್ಮ ಮಲಗೋದಿಲ್ಲ, ಆ ಬಗ್ಗೆ ಚರ್ಚೆಯೇ ಇಲ್ಲ. ಟೀವಿ ಕಿಟಕಿಗೆ ಎದುರಾದರೆ ಬೆಳಕು ಪ್ರತಿಫಲಿಸತ್ತೆ, ಕಿಟಕಿಗೆ ಬೆನ್ನಾದರೆ ಕಣ್ಣು ಕುಕ್ಕತ್ತೆ. ಪಕ್ಕದ ಗೋಡೆಯೇ ಸರಿ, ಅಂದರೆ ದಕ್ಷಿಣ. ಪ್ಲಗ್ ಪಾಯಿಂಟುಗಳೂ ಅಲ್ಲೇ ಇವೆ. ಹತ್ತು ಅಡಿಯಲ್ಲಿ ಮಂಚಕ್ಕೆ ಮೂರು ಹೋದರೆ ಏಳು ಉಳಿಯತ್ತೆ. ಪರದೆಯ ಕರ್ಣದ ಒಂದೂವರೆ ಪಟ್ಟು ದೂರ ಅನ್ನೋ ಅಂದಾಜಿಗೆ 43 ಇಂಚಿಗೆ ಐದೂವರೆ ಅಡಿ ಸಾಕು. ಇಲ್ಲಿಯವರೆಗೆ ಎಲ್ಲ ಸಲೀಸು.

ವೈರೆಲ್ಲ ಗೋಡೆಗೆ, ಪ್ಲಾಸ್ಟಿಕ್ಕಿನ ಕೇಸಿಂಗ್ ಪಟ್ಟಿಯೊಳಗೆ. ನೆಲದ ಮೇಲೆ ಒಂದೂ ಇರಕೂಡದು. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎದ್ದ ಅರವತ್ತೆಂಟು ವರ್ಷದವರ ಕಾಲಿಗೆ ಚಾರ್ಜರ್ ವೈರು ಸಿಕ್ಕರೆ ಏನಾಗತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ನೇರಳೆ ಎಲ್ಇಡಿಗೆ ವಿದಾಯ. ಟೀವಿ ಹಿಂದೆ ಮಂದ ಬಿಳಿ ಪಟ್ಟಿ, ಕಣ್ಣಿಗೆ ಆಯಾಸ ಕಡಿಮೆ. ಮಂಚದ ಹತ್ತಿರ ಹಳದಿ ಬಲ್ಬು, ಕೈಗೆ ಸಿಗೋ ಸ್ವಿಚ್ಚು, ಬಾಗಿಲ ಬುಡದಲ್ಲಿ ನೈಟ್ ಲ್ಯಾಂಪು. ಬೀನ್ ಬ್ಯಾಗ್ ನನ್ನ ಮಗಳಿಗೆ ದಾನ. ಅದರಿಂದ ಏಳೋದು ನನಗೇ ಕಷ್ಟ ಆಗಿದೆ. ಅದರ ಜಾಗಕ್ಕೆ ಅಪ್ಪನ ಕೈ ಇರೋ ಮರದ ಕುರ್ಚಿ ಊರಿಂದ ಬರ್ತಿದೆ. ಕೂತು ಆಡೋಕೆ ಅದೇ ಚೆನ್ನ.

ಹುಬ್ಬಳ್ಳಿಯವಳು ನವಲಗುಂದದ ಜಮಖಾನ ಕಳಿಸ್ತೀನಿ ಅಂದಿದಾಳೆ. ನೋಡಿದೀರಾ ಅದನ್ನ? ನವಿಲಿನ ಜೊತೆ ಪಗಡೆ ಹಾಸನ್ನೂ ನೇಯ್ದಿರ್ತಾರೆ. ಆಟದ ಕೋಣೆಗೆ ಅದಕ್ಕಿಂತ ಒಪ್ಪುವ ಅಲಂಕಾರ ಉಂಟಾ? ನೆಲಕ್ಕೆ ಹಾಸಿದರೆ ನುಣುಪು ಟೈಲ್ಸ್ ಮೇಲೆ ಜಾರತ್ತೆ ಅನ್ನೋ ಭಯಕ್ಕೆ ಬೇರೆ ಯೋಚನೆ ಮಾಡಿದೀನಿ. ಎಂಬತ್ತರ ದಶಕದಲ್ಲಿ ಟೀವಿಗೆ ಮರದ ಶಟರ್ ಇರ್ತಿತ್ತಲ್ಲ, ಇಲ್ಲದವರು ಕಸೂತಿ ಬಟ್ಟೆ ಹೊದಿಸ್ತಿದ್ದರು. ಹಾಗೇ ಟೀವಿ ಮೇಲೊಂದು ಕೋಲು ಹೊಡೆದು, ಆಟ ಮುಗಿದು ಟೀವಿ ತಣ್ಣಗಾದ ಮೇಲೆ ಜಮಖಾನ ಇಳಿಬಿಡೋದು. ವಾರದ ಆರು ದಿನ ಅದು ಅಮ್ಮನ ಗೋಡೆ.

ಶನಿವಾರ? ಅಮ್ಮ ಒಂಬತ್ತೂವರೆಗೆ ಮಲಗ್ತಾಳೆ. ನಾನು ಮೂವರಿಗೂ ಹೇಳಿ ಆಟ ಸಂಜೆ ಏಳಕ್ಕೆ ಮಾಡಿಸಿದೀನಿ. ದುಬೈನವನಿಗೆ ಆಗ ಐದೂವರೆ, ಅವನು ಗೊಣಗಿ ಒಪ್ಪಿದ.

ಅಮ್ಮ ಆಟ ಅಂದರೆ ದೂರ ಓಡುವವಳೂ ಅಲ್ಲ. ಕಳೆದ ಸಲ ಬಂದಾಗ ನಾನು 'ಸ್ಟಾರ್ಡ್ಯೂ ವ್ಯಾಲಿ' ಆಡೋದನ್ನ ಹಿಂದೆ ನಿಂತು ನೋಡಿದ್ದಳು. ತೋಟ ಮಾಡುವ ಆಟ. ಕ್ಯಾರೆಟ್ಟಿನ ತಮ್ಮನಂಥ ಒಂದು ಗೆಡ್ಡೆ ನಾಲ್ಕೇ ದಿನಕ್ಕೆ ಬಂತು. "ನಾಕು ದಿನಕ್ಕಾ? ನಮ್ಮ ಅಡಿಕೆ ಸಸಿ ಫಲ ಕೊಡೋಕೆ ಐದಾರು ವರ್ಷ ಕಾಯ್ಬೇಕು. ಅಡಿಕೆ ಇಲ್ವಾ ಇದ್ರಲ್ಲಿ?" ಅಂತ ಕೇಳಿದಳು. ಇಲ್ಲ ಅಂದೆ. "ಹಂಗಾದ್ರೆ ಅದೆಂಥ ತೋಟ" ಅಂತ ಒಳಗೆ ಹೋದವಳು, ಐದು ನಿಮಿಷಕ್ಕೆ ವಾಪಸ್ ಬಂದು "ಆ ಮೂಲೆ ಗಿಡಕ್ಕೆ ನೀರು ಹಾಕ್ಲಿಲ್ಲ ನೀನು" ಅಂದಳು!

ಅವಳ ಪೆಟ್ಟಿಗೆಯಲ್ಲಿ ಚನ್ನೆಮಣೆ ಬರ್ತಿದೆ. ಒಂದು ಕಡೆ ಏಳು, ಇನ್ನೊಂದು ಕಡೆ ಏಳು, ಒಟ್ಟು ಹದಿನಾಲ್ಕು ಗುಳಿ. ಅಜ್ಜಿಯಿಂದ ಬಂದದ್ದು. ಯೋಚಿಸಿ ನೋಡಿದರೆ ನಮ್ಮ ಮನೆಯಲ್ಲಿ ಮೊದಲ ಗೇಮರ್ ನಾನಲ್ಲ. ನಿಂಟೆಂಡೊ 2020ರಲ್ಲಿ 51 ಆಟಗಳ ಒಂದು ಸಂಕಲನ ತಂದಿತ್ತಲ್ಲ, ಅದರಲ್ಲಿ ಚನ್ನೆಮಣೆಯ ದೂರದ ನೆಂಟ ಮಂಕಾಲ ಇದೆ. ಕಡೆಗೆ ಆರಾರು ಗುಳಿ, ಜೊತೆಗೆ ಗೆದ್ದ ಕಾಯಿ ಹಾಕೋಕೆ ಒಂದೊಂದು ಕಣಜ. ಅಮ್ಮನಿಗೆ ತೋರಿಸಬೇಕು. ಕಾಯಿ ಕೈಗೇ ಸಿಗೋದಿಲ್ವಲ್ಲ ಅಂತ ಬೈತಾಳೆ, ಗ್ಯಾರಂಟಿ.

ಹುಬ್ಬಳ್ಳಿಯವಳ ಪ್ರಶ್ನೆಗೆ ಉತ್ತರ ನನಗೀಗ ಗೊತ್ತಿದೆ. ಅದು ಅಮ್ಮನ ಕೋಣೆ. ಶನಿವಾರ ಸಂಜೆ ನಾನು ಅಲ್ಲಿಗೆ ಆಡೋಕೆ ಹೋಗ್ತೀನಿ, ಬಾಗಿಲು ತಟ್ಟಿ. ನಿನ್ನೆ ಫೋನಿನಲ್ಲಿ ಅವಳಿಗೆ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರೆ ಅಪ್ಪನ ಫೋಟೋ ತರ್ಲಾ?" ಅಂತ ಕೇಳಿದಳು. ಹಿಂದಿನ ಮೂರೂ ಸಲ ಅದನ್ನ ಊರಲ್ಲೇ ಬಿಟ್ಟು ಬಂದಿದ್ದಳು.

ತಕರಾರು ಇರೋದು ಇಲ್ಲೇ. ಹೋದವರ ಫೋಟೋ ದಕ್ಷಿಣದ ಗೋಡೆಗೇ ಇರಬೇಕು ಅನ್ನೋದು ಅಮ್ಮನ ಮಾತು. ಎಡಕ್ಕೆ ಹೊರಳಿ ಮಲಗಿದರೆ ಅವಳಿಗೆ ಕಾಣೋದೂ ಅದೇ ಗೋಡೆ. ಫ್ರೇಮು ಎರಡು ಅಡಿಗೆ ಒಂದೂವರೆ. ಟೀವಿ ಮೇಲೆ ಹಾಕಿದರೆ ಆಟದ ಬೆಳಕೆಲ್ಲ ಗಾಜಿನ ಮೇಲೆ ಕುಣಿಯತ್ತೆ, ನನಗೂ ಅಪ್ಪನ ಮುಖದ ಕೆಳಗೇ ಕೂತು ರಾಕ್ಷಸರನ್ನ ಕೊಲ್ಲೋಕೆ ಮನಸ್ಸು ಬರೋದಿಲ್ಲ. ಪಕ್ಕಕ್ಕೆ ಹಾಕಿದರೆ ಟೀವಿಯನ್ನ ವಾರ್ಡ್‌ರೋಬಿನ ಕಡೆ ತಳ್ಳಬೇಕು, ಆಗ ಬಾಗಿಲು ಪೂರ್ತಿ ತೆರೆಯೋದಿಲ್ಲ. ಟೀವಿಯನ್ನ ತಿರುಗೋ ಕೈಗೆ ಹಾಕಿಸಿ ಮೂಲೆಗೆ ಮಡಚಿಡಬಹುದಾ? ಕನ್ಸೋಲನ್ನ ಗಾಳಿ ಆಡೋ ಹಾಗೆ ಎಲ್ಲಿಡೋದು? ಅಥವಾ 43 ಇಂಚು ಬಿಟ್ಟು 32ಕ್ಕೆ ಇಳಿದರೆ ಆಟದ ಅಕ್ಷರ ಓದೋಕಾಗತ್ತಾ?

ಇನ್ನೊಂದು. ಅಮ್ಮ, ನಾನು ಇಬ್ಬರೂ ಒಟ್ಟಿಗೆ ಕೂತು ಆಡುವಂಥದ್ದು ಯಾವುದಿದೆ? ಗುಂಡು ಹಾರಿಸೋದು ಬೇಡ, ಎಂಟು ಗುಂಡಿ ಒಟ್ಟಿಗೆ ಒತ್ತೋದು ಬೇಡ, ತೋಟ ಇದ್ದರೆ ಗಿಡ ನಿಧಾನಕ್ಕೆ ಬೆಳೀಬೇಕು :-)

ಲಾರಿ ಮುಂದಿನ ತಿಂಗಳ ಮೊದಲ ವಾರ ಬರತ್ತೆ. ಗೋಡೆಗೆ ಮೊಳೆ ಹೊಡೆಯೋಕೆ ಮುಂಚೆ ಹೇಳಿ.